ಕುಲ್ಕುಂದದ ಶಿವರಾಯರು: ಪತ್ರಿಕೆಯಿಂದ ಕಾದಂಬರಿಗೆ

ಧರ್ಮಸ್ಥಳದ ಕಡೆಯಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುವ ಯಾತ್ರಿಕರು ಕ್ಷೇತ್ರವನ್ನು ಸೇರುವುದಕ್ಕೆ ಸ್ವಲ್ಪ ಮುಂಚೆ ಕುಲ್ಕುಂದವೆಂಬ ಗ್ರಾಮವನ್ನು ಹಾದುಹೋಗುವರು. ಹಿಂದಿನ ತಲೆಮಾರಿನವರಿಗೆ ಆ ಊರು ಜಾನುವಾರು ಜಾತ್ರೆಯಿಂದ ಪರಿಚಿತವಾಗಿದ್ದಿತು. 1924ನೆಯ ಇಸವಿಯಲ್ಲಿ ಜನಿಸಿದ ಆ ಊರಿನ ಶಿವರಾಯನೆಂಬ ಬಾಲಕನು ಮುಂದೆ ನಿರಂಜನನೆಂಬ ಹೆಸರಿನಿಂದ ಕನ್ನಡನಾಡಿನಲ್ಲೆಲ್ಲ ಪ್ರಸಿದ್ಧನಾದನು. 1992ರಲ್ಲಿ ಗತಿಸಿದ ಆ ಮಹಾಶಯರ ಹೆಸರನ್ನು ನಮ್ಮ ಜಿಲ್ಲೆಯಲ್ಲಿ ಕೇಳಿದವರು ಬಹಳ. ಅವರ ಗ್ರಂಥಗಳನ್ನು ಕೈಯಲ್ಲಿ ಹಿಡಿದು ಕೊನೆಯವರೆಗೆ ಓದಿದವರು ಸ್ವಲ್ಪ. ಈ ಕಾರಣದಿಂದಲೇ ಅವರ ಜೀವನವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಉದ್ಯುಕ್ತರಾಗಿದ್ದೇವೆ.

ಪತ್ರಿಕಾಲೇಖಕನು ಕಾದಂಬರಿಕಾರನಾಗುವುದು ಲೋಕದಲ್ಲಿ ಹೊಸ ಸಂಗತಿಯಲ್ಲ. ಸ್ಪೇನ್ ದೇಶದ ಬ್ಲಾಸ್ಕೊ ಇಬಾನ್ಯೆಸ್ ಎಂಬಾತನು 1894ರಲ್ಲಿ ವಾಲೆನ್ಸಿಯಾ ನಗರದಲ್ಲಿ ಪ್ರಜಾಪಕ್ಷದ ಪತ್ರಿಕೆಯೊಂದನ್ನು ಸ್ಥಾಪಿಸಿ, ರಾಜಸತ್ತೆಯನ್ನು ಖಂಡಿಸಿ ಸೆರೆವಾಸವನ್ನೂ ಅನುಭವಿಸಿ, ತನ್ನ ಪ್ರಾಂತದ ಗೇಣಿ ಒಕ್ಕಲುಗಳ ಸಂಕಟವನ್ನು ಕಾದಂಬರಿಯಾಗಿ ಬರೆದನು. ಮುಂದೆ ಜಗತ್ಪ್ರಸಿದ್ಧನಾಗಿ 1928ರಲ್ಲಿ ಪರದೇಶದಲ್ಲಿಯೇ ತೀರಿಕೊಂಡನು. ಅಂತಹ ಐಶ್ವರ್ಯವೂ ಕೀರ್ತಿಯೂ ನಮ್ಮ ನಿರಂಜನರಿಗೆ ದೊರೆಯಲಿಲ್ಲ. ಆದರೆ ಗೇಣಿ ಒಕ್ಕಲು, ಸೆರೆಮನೆ, ಅಚ್ಚುಕೂಟ, ಈ ಮೂರರ ಪರಿಚಯದಿಂದ ಹುಟ್ಟಿದ ಬರವಣಿಗೆ ಇಬ್ಬರದೂ ಹೌದು.

ನಿರಂಜನರು ಬಾಲ್ಯದಲ್ಲಿ ಸ್ಥಿತಿವಂತರಾಗಿರಲಿಲ್ಲ. ವಿದ್ಯಾಭ್ಯಾಸಕ್ಕಾಗಿ ನೀಲೇಶ್ವರದ ರಾಜಾಸ್ ಹೈಸ್ಕೂಲನ್ನು ಸೇರಿದರು. ಕಾಸರಗೋಡು ಸೀಮೆಯು ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದು, ಮದರಾಸು ಆಧಿಪತ್ಯಕ್ಕೊಳಪಟ್ಟಿತ್ತೆಂಬುದನ್ನು ಇಂದಿನ ತರುಣರಿಗೆ ಜ್ಞಾಪಿಸಬೇಕಾಗಿದೆ. ಕನ್ನಡದ ಹುಡುಗನು ಮಲೆಯಾಳವನ್ನಾಡುವ ರೈತರ ಮಕ್ಕಳ ನಡುವೆ ಬೆಳೆದುದು ಅವರ ಭಾಗ್ಯವೋ ನಮ್ಮ ಭಾಗ್ಯವೋ ಹೇಳಲಾರೆವು. ಅಲ್ಲಿಯ ರೈತಸಂಘದ ಚಳವಳಿಯು ಅವರ ಮನಸ್ಸನ್ನು ಸೆಳೆಯಿತು.

ಆ ನೀಲೇಶ್ವರಕ್ಕೆ ಸಮೀಪದಲ್ಲಿ, ತೇಜಸ್ವಿನೀ ನದಿಯ ದಡದ ಮೇಲಿರುವುದೇ ಕಯ್ಯೂರು. ಜನ್ಮಿಗಳ ವಸೂಲಿಗಳಿಂದ ಬಳಲಿದ ಅಲ್ಲಿಯ ಒಕ್ಕಲುಗಳು ಸಂಘ ಕಟ್ಟಿದ್ದರು. 1941ರ ಮಾರ್ಚಿ ತಿಂಗಳ ಕೊನೆಯಲ್ಲಿ ಪೊಲೀಸರು ಹಳ್ಳಿಯನ್ನು ಹೊಕ್ಕು ಕಾರ್ಯಕರ್ತರನ್ನು ಹಿಡಿದು ಥಳಿಸಿದರು. ಇದನ್ನು ಪ್ರತಿಭಟಿಸಿ ಮಾರ್ಚಿ 28ರಂದು ಮೆರವಣಿಗೆ ಹೊರಟಿತು. ದಾರಿಯಲ್ಲಿ ಎದುರಾದ ಪೊಲೀಸಿನವನೊಬ್ಬನು ಜನರ ಕೈಗೆ ಸಿಕ್ಕಿ, ತಪ್ಪಿಸಿಕೊಳ್ಳುವುದಕ್ಕೆ ಹೊಳೆಗೆ ಹಾರಿ, ಕಲ್ಲೇಟುಗಳ ನಡುವೆ ನೀರಿನಲ್ಲಿ ಪ್ರಾಣಬಿಟ್ಟನು. ಮೊಕದ್ದಮೆಯು ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ ನಡೆಯಿತು. ಮರಣದಂಡನೆಗೆ ಗುರಿಯಾದ ಐವರಲ್ಲಿ ಒಬ್ಬನು ಅಪ್ರಾಪ್ತ ವಯಸ್ಕನೆಂದು ಪಾರಾದನು. ಉಳಿದವರಾದ ಮಠತ್ತಿಲ್ ಅಪ್ಪು, ಚಿರುಕಂಡ, ಕುಂಞಂಬು ನಾಯರ್, ಅಬೂಬಕರ್ ಎಂಬ ನಾಲ್ವರನ್ನು 1943ರ ಮಾರ್ಚಿ 29ರಂದು ಕಣ್ಣಾನೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು.

ಪೊಲೀಸಿನವನೂ ಬಡವರ ಮನೆಯ ಮಗನೇ ಆಗಿದ್ದನೆಂಬುದನ್ನು ನಾವು ಮರೆಯಲಾರೆವು. ಆ ಸಾವನ್ನು ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ಆದರೆ ಒಂದು ಜೀವಕ್ಕೆ ನಾಲ್ಕು ಜೀವಗಳನ್ನು ತೆಗೆದುಕೊಂಡ ಪರಕೀಯ ಸರಕಾರದ ನ್ಯಾಯವು ಎಂತಹುದೆಂಬುದನ್ನು ಕೇಳಬೇಕಾದ ಕಾಲದಲ್ಲಿ ಕೇಳುವ ಸ್ವಾತಂತ್ರ್ಯ ಪತ್ರಿಕೆಗಳಿಗೆ ಇರಲಿಲ್ಲ. ಅದು ಯುದ್ಧದ ಕಾಲ. ಭಾರತ ರಕ್ಷಣಾ ನಿಯಮಗಳ ಕತ್ತಿಯು ಪ್ರತಿಯೊಬ್ಬ ಸಂಪಾದಕನ ತಲೆಯ ಮೇಲೆ ತೂಗುತ್ತಿದ್ದಿತು. ಪತ್ರಿಕೆಯು ಬರೆಯಲಾರದೆ ಹೋದ ಆ ವೃತ್ತಾಂತವನ್ನು ಹನ್ನೆರಡು ವರ್ಷಗಳ ತರುವಾಯ ಬರೆದು ಮುಗಿಸಿದವರು ಪತ್ರಿಕಾವೃತ್ತಿಯಲ್ಲಿಯೇ ಪಳಗಿದ ನಿರಂಜನರು.

ಆ ವೃತ್ತಿಯನ್ನು ಅವರು ಕಲಿತದ್ದು ಮಂಗಳೂರಿನಲ್ಲಿ. ಕವಿಗಳಾದ ಕಡೆಂಗೋಡ್ಲು ಶಂಕರಭಟ್ಟರು ನಡೆಸುತ್ತಿದ್ದ ರಾಷ್ಟ್ರಬಂಧು ಪತ್ರಿಕೆಯಲ್ಲಿ ಕೆಲಸ ಮಾಡಿದರು. ಮೊದಮೊದಲು ಕಿಶೋರನೆಂಬ ಹೆಸರಿನಿಂದ ಬರೆಯುತ್ತಿದ್ದು ಅನಂತರ ನಿರಂಜನರಾದರು. ಪತ್ರಿಕಾಲಯದ ಊಳಿಗವೆಂದರೆ ಏನೆಂಬುದು ಅದನ್ನು ಮಾಡಿದವರಿಗೇ ಗೊತ್ತು: ನಿನ್ನೆ ಬರೆದದ್ದು ಇಂದು ಅಂಗಡಿಯಲ್ಲಿ ಬೆಲ್ಲ ಕಟ್ಟುವ ಕಾಗದವಾಗುವುದು. ಆದರೂ ಮಿತವಾಗಿ ಬರೆಯುವುದನ್ನೂ, ಕಂಡದ್ದನ್ನು ಕಂಡಂತೆ ಹೇಳುವುದನ್ನೂ, ಗಡುವಿಗೆ ಸರಿಯಾಗಿ ಪುಟ ತುಂಬಿಸುವುದನ್ನೂ ಈ ವೃತ್ತಿಯಂತೆ ಕಲಿಸುವ ಪಾಠಶಾಲೆ ಮತ್ತೊಂದಿಲ್ಲ. ತರುವಾಯ ಅವರು ಬೆಂಗಳೂರಿಗೆ ಹೋಗಿ ಅಲ್ಲಿಯೂ ಪತ್ರಿಕೆಗಳಲ್ಲಿ ದುಡಿದರು. ಕಮ್ಯುನಿಸ್ಟ್ ಪಕ್ಷದ ಪತ್ರಿಕೆಗೂ ಬರೆದರು. 1948ರ ಬಳಿಕ ಸರಕಾರವು ಆ ಪಕ್ಷದ ಬೆನ್ನು ಹತ್ತಿದಾಗ ತಲೆಮರೆಸಿಕೊಂಡು ಬಾಳಬೇಕಾಯಿತು.

ಇಲ್ಲಿ ನಮ್ಮ ಅಭಿಪ್ರಾಯವನ್ನು ಮರೆಮಾಚುವುದು ಸರಿಯಲ್ಲ. 1942ರಲ್ಲಿ ದೇಶವೆಲ್ಲ ಚಲೇಜಾವ್ ಎಂದು ಎದ್ದು ನಿಂತಾಗ ಕಮ್ಯುನಿಸ್ಟ್ ಪಕ್ಷವು ಹಿಡಿದ ದಾರಿಯನ್ನು ರಾಷ್ಟ್ರೀಯ ಮನೋಭಾವದ ಪತ್ರಿಕೆಯೊಂದು ಒಪ್ಪುವುದು ಸಾಧ್ಯವಿಲ್ಲ. ನಿರಂಜನರು ಕ್ರಮೇಣ ಪಕ್ಷದಿಂದ ದೂರ ಸರಿದರಾದರೂ ಅದರ ತತ್ವದಲ್ಲಿಟ್ಟ ನಂಬಿಕೆಯನ್ನು ಬಿಡಲಿಲ್ಲ. ಅವರ ತತ್ವವನ್ನು ಒಪ್ಪದವರೂ ಅವರ ಲೇಖನಿಯ ಪ್ರಾಮಾಣಿಕತೆಗೆ ತಲೆಬಾಗಬೇಕಾಗುವುದು.

1953ರಲ್ಲಿ ಪ್ರಕಟವಾದ ಅವರ ಮೊದಲನೆಯ ಕಾದಂಬರಿ ವಿಮೋಚನೆ. ಹಳ್ಳಿಯಿಂದ ಬೆಂಗಳೂರಿಗೆ ಬಂದ ಕೂಲಿಕಾರನ ಮಗನು ಕಿಸೆಗಳ್ಳನಾಗುವ ಕಥೆಯದು. ಅ.ನ. ಕೃಷ್ಣರಾಯರು, ತ.ರಾ. ಸುಬ್ಬರಾಯರು, ಬಸವರಾಜ ಕಟ್ಟೀಮನಿಯವರು ಮೊದಲಾದ ಪ್ರಗತಿಶೀಲರ ಪಂಕ್ತಿಯಲ್ಲಿ ನಿರಂಜನರಿಗೂ ಸ್ಥಾನ ದೊರೆಯಿತು. ಬೆಂಗಳೂರಿನ ಬಾಡಿಗೆಮನೆಗಳ ಸಾಲನ್ನು ಕುರಿತ ರಂಗಮ್ಮನ ವಠಾರವಂತೂ ನಮ್ಮ ಗುಮಾಸ್ತ ವರ್ಗದವರು ಅವಶ್ಯ ಓದತಕ್ಕ ಗ್ರಂಥ. ತಮ್ಮ ನೆರೆಮನೆಯವರನ್ನೆಲ್ಲ ಅದರಲ್ಲಿ ಕಾಣುವರು.

1955ರಲ್ಲಿ ಬಂದದ್ದು ಚಿರಸ್ಮರಣೆ. ಕಯ್ಯೂರಿನ ಅಪ್ಪು, ಚಿರುಕಂಡರು ಅದರಲ್ಲಿ ಮೊದಲು ಕಾಣಿಸಿಕೊಳ್ಳುವುದು ಶಾಲೆಯ ಹುಡುಗರಾಗಿ. ಹುಡುಗರು ಗುರುಗಳಿಂದ ಅಕ್ಷರವನ್ನೂ, ಅಕ್ಷರದ ಮೂಲಕ ಲೋಕವನ್ನೂ ಅರಿತು ಬೆಳೆಯುವುದನ್ನು ಲೇಖಕರು ಆತುರವಿಲ್ಲದೆ ಹೇಳುತ್ತ ಹೋಗುವರು. ಆದುದರಿಂದ ಗಲ್ಲಿನ ಪ್ರಸಂಗ ಬರುವಷ್ಟರಲ್ಲಿ ಅವರು ವಾಚಕನಿಗೆ ಮನೆಯ ಮಕ್ಕಳೇ ಆಗಿಬಿಟ್ಟಿರುತ್ತಾರೆ. ವರದಿಯಲ್ಲಿ ನಾಲ್ಕು ಹೆಸರುಗಳಾಗಿದ್ದವರು ನಾಲ್ಕು ಮನುಷ್ಯರಾದರು. ಭಾಷಣದ ಧಾಟಿಯು ಅಲ್ಲಲ್ಲಿ ಇಣುಕುವುದುಂಟು. ಅದನ್ನು ದೋಷವೆಂದೇ ನಾವು ಎಣಿಸುವೆವು.

ಈ ಗ್ರಂಥ ಅಚ್ಚಾದ ಮರುವರ್ಷವೇ, 1956ರ ನವೆಂಬರ 1ರಂದು, ಕಾಸರಗೋಡು ಕೇರಳಕ್ಕೆ ಸೇರಿಹೋಯಿತು. ಅದರೊಡನೆ ಕಯ್ಯೂರೂ ಗಡಿಯಾಚೆಗಾಯಿತು. ಕಾಸರಗೋಡಿಗಾಗಿ ನಮ್ಮವರು ಸಭೆ ಸೇರಿಸಿದರು, ಠರಾವು ಮಾಡಿದರು, ಇಂದಿಗೂ ಕಣ್ಣೀರಿಡುವವರಿದ್ದಾರೆ. ಆದರೆ ಆ ಸೀಮೆಯ ಜನರ ಬದುಕನ್ನು ಕನ್ನಡದಲ್ಲಿ ಬರೆದಿಟ್ಟ ಗ್ರಂಥವು ಮಲೆಯಾಳಕ್ಕೆ ಪರಿವರ್ತನೆಗೊಂಡು ಅಲ್ಲಿ ಮರುಮುದ್ರಣಗಳನ್ನು ಕಂಡು ಜನರ ಸ್ವತ್ತಾಯಿತು; ಎಷ್ಟೋ ಮಂದಿ ಅದು ಮೂಲತಃ ಕನ್ನಡದ್ದೆಂಬುದನ್ನೇ ಅರಿಯದೆ ಓದುತ್ತಾರೆ. ನಮ್ಮ ತಾಲೂಕು ಕೇಂದ್ರಗಳ ವಾಚನಾಲಯಗಳಲ್ಲಿ ಅದು ಎಷ್ಟು ಕಡೆ ಇದೆಯೆಂದು ವಾಚಕರೇ ಹೋಗಿ ನೋಡಬಹುದು. ಇಂಗ್ಲಿಷಿಗೆ ಅದನ್ನು ಭಾಷಾಂತರಿಸಿದವರು ಲೇಖಕರ ಪುತ್ರಿ. ಆಕೆಯ ಹೆಸರೂ ಕಯ್ಯೂರಿನ ಹೊಳೆಯ ಹೆಸರೂ ಒಂದೇ, ತೇಜಸ್ವಿನಿ.

ನಮ್ಮ ಸೀಮೆಯ ಮತ್ತೊಂದು ಋಣವನ್ನೂ ಅವರು ತೀರಿಸಿದ್ದಾರೆ. 1837ರಲ್ಲಿ ಸುಳ್ಯದ ಕಡೆಯ ರೈತರು ಕಲ್ಯಾಣಸ್ವಾಮಿಯೆಂಬವನ ಹೆಸರಿನಲ್ಲಿ ಎದ್ದು, ಪುತ್ತೂರು, ಬಂಟವಾಳಗಳ ಮಾರ್ಗವಾಗಿ ಮಂಗಳೂರಿಗೆ ನುಗ್ಗಿ, ಕುಂಪಣಿಯ ಬಾವುಟವನ್ನಿಳಿಸಿ ಹದಿಮೂರು ದಿನ ಊರನ್ನು ತಮ್ಮ ವಶದಲ್ಲಿಟ್ಟುಕೊಂಡಿದ್ದರು. ಕುಂಪಣಿಯವರು ಅದನ್ನು ದರೋಡೆಯೆಂದರು. ಜನರೂ ಕಲ್ಯಾಣಪ್ಪನ ಕಾಟಕಾಯಿ ಎಂದು ಅದೇ ಅರ್ಥ ಬರುವಂತೆ ಕರೆದರು. ಅದು ಪ್ರಜೆಗಳ ದಂಗೆಯೆಂಬುದನ್ನು ಕಲ್ಯಾಣಸ್ವಾಮಿ ಎಂಬ ಕಾದಂಬರಿಯ ಮೂಲಕ ನಿರಂಜನರು ಸಾರಿದರು.

1956ರಲ್ಲಿ ಅವರು ವೈದ್ಯೆಯೂ ಲೇಖಕಿಯೂ ಆದ ಅನುಪಮಾ ಅವರನ್ನು ವಿವಾಹವಾದರು. 1970ರ ದಶಕದ ಮೊದಲಲ್ಲಿ ಕಿರಿಯರ ವಿಶ್ವಕೋಶವಾದ ಜ್ಞಾನಗಂಗೋತ್ರಿಯ ಏಳು ಸಂಪುಟಗಳನ್ನು ಸಂಪಾದಿಸುವ ಭಾರ ಹೊತ್ತಿದ್ದಾಗ ಪಾರ್ಶ್ವವಾಯು ಬಡಿಯಿತು. ಅಂತಹ ದೇಹಸ್ಥಿತಿಯಲ್ಲಿ ಸಂಪುಟಗಳನ್ನು ಮುಗಿಸಿದುದಲ್ಲದೆ, ಪ್ರಾಚೀನ ಮಿಶ್ರದೇಶದ ಪ್ರಜೆಗಳು ಅರಸೊತ್ತಿಗೆಯ ವಿರುದ್ಧ ಎದ್ದ ಕಥೆಯನ್ನು ಮೃತ್ಯುಂಜಯವೆಂಬ ದೊಡ್ಡ ಕಾದಂಬರಿಯಾಗಿ ಬರೆದು 1976ರಲ್ಲಿ ಪ್ರಕಟಿಸಿದರು. ಆ ಬಳಿಕ ನವಕರ್ನಾಟಕ ಪ್ರಕಾಶನಕ್ಕಾಗಿ ಜಗತ್ತಿನ ಸಣ್ಣ ಕಥೆಗಳನ್ನು ವಿಶ್ವಕಥಾಕೋಶವೆಂದು 25 ಸಂಪುಟಗಳಲ್ಲಿ ಕನ್ನಡಕ್ಕೆ ತರಿಸಿದರು. ಗಟ್ಟಿಮುಟ್ಟಾದ ಹತ್ತು ಜನ ಕೂಡಿ ಮಾಡಲು ಹಿಂಜರಿಯುವ ಕೆಲಸವದು.

1991ರಲ್ಲಿ ಅನುಪಮಾ ಅವರು ಅರ್ಬುದರೋಗದಿಂದ ತೀರಿಕೊಂಡರು. ಮರುವರ್ಷ ನಿರಂಜನರೂ ಬೆಂಗಳೂರಿನಲ್ಲಿ ಕಣ್ಮುಚ್ಚಿದರು.