ತಲೆನೋವಿಗೆ ಸಾಕ್ಷಿ ಹುಡುಕಿದ ಡಾ. ಹೆರಾಲ್ಡ್ ವುಲ್ಫ್

ತಲೆನೋವು ಎಂದು ರಜೆ ಕೇಳಿದರೆ ಮೇಲಧಿಕಾರಿಗಳು ನಂಬುವುದು ಕಡಿಮೆ. ಜ್ವರವನ್ನು ಥರ್ಮಾಮೀಟರ್ ತೋರಿಸುತ್ತದೆ, ಮುರಿದ ಮೂಳೆಯನ್ನು ಎಕ್ಸ್‌ರೇ ತೋರಿಸುತ್ತದೆ. ತಲೆನೋವಿಗೆ ಸಾಕ್ಷಿ ಎಲ್ಲಿ? ಅದನ್ನು ಪ್ರಯೋಗಶಾಲೆಯಲ್ಲಿ ಹುಡುಕಿದ ನರರೋಗ ತಜ್ಞರಲ್ಲಿ ಅಮೆರಿಕದ ಡಾ. ಹೆರಾಲ್ಡ್ ಜಿ. ವುಲ್ಫ್ ಅವರದು ದೊಡ್ಡ ಹೆಸರು. ಸ್ವತಃ ಅವರೂ ಮೈಗ್ರೇನ್ ರೋಗಿಯಾಗಿದ್ದರು.

1898ರ ಮೇ 26ರಂದು ನ್ಯೂಯಾರ್ಕ್‌ನಲ್ಲಿ ಜನಿಸಿದ ವುಲ್ಫ್, ಅಲ್ಲಿನ ಸಿಟಿ ಕಾಲೇಜಿನಲ್ಲಿ ಓದಿ 1923ರಲ್ಲಿ ಹಾರ್ವರ್ಡ್‌ನಿಂದ ವೈದ್ಯ ಪದವಿ ಪಡೆದರು. ಪದವಿ ಸಿಕ್ಕಿತೆಂದು ಬೋರ್ಡು ಹಾಕಿಕೊಂಡು ಕೂರಲಿಲ್ಲ. ಆಸ್ಟ್ರಿಯಾದ ಗ್ರಾಜ್‌ನಲ್ಲಿ ಆಟೊ ಲೋವಿ, ಲೆನಿನ್‌ಗ್ರಾಡ್‌ನಲ್ಲಿ ಪಾವ್ಲೊವ್, ಬಾಲ್ಟಿಮೋರ್‌ನಲ್ಲಿ ಮನೋವೈದ್ಯ ಅಡಾಲ್ಫ್ ಮೇಯರ್, ಹೀಗೆ ಘಟಾನುಘಟಿಗಳ ಬಳಿ ಕಲಿತರು. 1932ರಲ್ಲಿ ನ್ಯೂಯಾರ್ಕ್ ಹಾಸ್ಪಿಟಲ್ ಮತ್ತು ಕಾರ್ನೆಲ್ ವೈದ್ಯಕೀಯ ಕಾಲೇಜು ಸೇರಿದವರು ಕೊನೆಯವರೆಗೂ ಅಲ್ಲೇ ಉಳಿದರು. 1934ರಲ್ಲಿ ಹೆಸರಾಂತ ಚಿತ್ರಕಲಾವಿದೆ ಇಸಾಬೆಲ್ ಬಿಷಪ್ ಅವರನ್ನು ಮದುವೆಯಾದರು.

ಮೈಗ್ರೇನ್ ಬಂದಾಗ ಕಣತಲೆ ಪಟಪಟನೆ ಬಡಿದುಕೊಳ್ಳುವುದು ಅನುಭವಿಸಿದವರಿಗೆಲ್ಲ ಗೊತ್ತು. ಆ ಬಡಿತವನ್ನೇ ವುಲ್ಫ್ ಮತ್ತು ಜಾನ್ ಗ್ರಹಾಂ ಉಪಕರಣದಿಂದ ದಾಖಲಿಸಿದರು. ರೈ ಧಾನ್ಯಕ್ಕೆ ಹತ್ತುವ ಶಿಲೀಂಧ್ರದಿಂದ ತೆಗೆದ ಎರ್ಗೊಟಮೈನ್ ಔಷಧಿಯನ್ನು ಚುಚ್ಚಿದಾಗ ರಕ್ತನಾಳದ ಬಡಿತ ತಗ್ಗುತ್ತ ಬಂತು, ಜತೆಗೇ ನೋವೂ ಇಳಿಯಿತು. 1938ರಲ್ಲಿ ಪ್ರಕಟವಾದ ಈ ಪ್ರಯೋಗ ತಲೆನೋವಿಗೆ ಮೊದಲ ಬಾರಿ ಕಣ್ಣಿಗೆ ಕಾಣುವ ಗೆರೆಯೊಂದನ್ನು ಕೊಟ್ಟಿತೆನ್ನಬಹುದು. ಮುಂದೆ 1940ರಲ್ಲಿ ಶಸ್ತ್ರವೈದ್ಯ ಬ್ರಾನ್ಸನ್ ರೇ ಜತೆ, ಎಚ್ಚರವಿದ್ದಂತೆಯೇ ತಲೆಯ ಶಸ್ತ್ರಚಿಕಿತ್ಸೆಗೆ ಒಳಗಾದ 30 ರೋಗಿಗಳನ್ನು ಪರೀಕ್ಷಿಸಿದರು. ಮಿದುಳಿಗೆ ಸ್ವತಃ ನೋವಿಲ್ಲ, ನೋಯುವುದು ಅದರ ಸುತ್ತಲಿನ ದೊಡ್ಡ ರಕ್ತನಾಳಗಳು ಮತ್ತು ಪೊರೆಯ ಕೆಲವು ಭಾಗಗಳು ಎಂದು ತಿಳಿದುಬಂತು. ನೋವನ್ನು ಅಳೆಯುವ ಉಪಕರಣಕ್ಕಾಗಿ ವುಲ್ಫ್, ಜೇಮ್ಸ್ ಹಾರ್ಡಿ ಮತ್ತು ಹೆಲೆನ್ ಗುಡೆಲ್ ತಮ್ಮ ಹಣೆಗೇ ಕಪ್ಪು ಬಳಿದುಕೊಂಡು ದೀಪದ ಶಾಖಕ್ಕೆ ಒಡ್ಡಿಕೊಂಡರು. ಪರರ ಮೇಲೆ ಮಾತ್ರ ಪ್ರಯೋಗ ಮಾಡುವ ಪೈಕಿ ಅವರಲ್ಲ.

ಆದರೆ ಅವರು ಹೇಳಿದ್ದೆಲ್ಲ ನಿಲ್ಲಲಿಲ್ಲ. ರಕ್ತನಾಳ ಹಿಗ್ಗುವುದೇ ಮೈಗ್ರೇನ್‌ಗೆ ಕಾರಣ ಎಂಬ ವಾದ ಈಗ ಹಿಂದೆ ಸರಿದಿದೆ. ಮಿದುಳು ಮತ್ತು ಮುಖದ ಟ್ರೈಜೆಮಿನಲ್ ನರ, ಅದು ಸ್ರವಿಸುವ ಸಿಜಿಆರ್‌ಪಿ ಎಂಬ ವಸ್ತುವಿನ ಕಡೆ ವೈದ್ಯರ ಗಮನ ಹರಿದಿದೆ. ಅದನ್ನು ತಡೆಯುವ ಔಷಧಿಗಳು ಅಮೆರಿಕದಲ್ಲಿ 2018ರಿಂದ ಬಳಕೆಗೆ ಬಂದಿವೆ. ಮೈಗ್ರೇನ್ ರೋಗಿಗಳು ಮಹತ್ವಾಕಾಂಕ್ಷಿಗಳು, ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ ಹಟದವರು ಎಂದು 1937ರಲ್ಲಿ ಅವರು ಬರೆದದ್ದಂತೂ ರೋಗಿಗಳಿಗೆ ಅನ್ಯಾಯವನ್ನೇ ಮಾಡಿತು. ನೋವು ತಿನ್ನುವವರಿಗೆ ಸ್ವಭಾವದ ತಪ್ಪೂ ಅಂಟಿಕೊಂಡಿತು. ಆ ವರ್ಣನೆ ವುಲ್ಫ್ ಅವರಿಗೇ ಹೆಚ್ಚು ಹೊಂದುತ್ತಿತ್ತೇನೋ!

ಅವರ ಬದುಕಿನಲ್ಲಿ ಇನ್ನೊಂದು ಪುಟವೂ ಇದೆ, ಅದನ್ನು ಮುಚ್ಚಿಡುವಂತಿಲ್ಲ. ಗೂಢಚಾರ ಸಂಸ್ಥೆ ಸಿಐಎ ಮುಖ್ಯಸ್ಥ ಅಲೆನ್ ಡಲ್ಲೆಸ್ ಅವರ ಮಗ ಕೊರಿಯಾ ಯುದ್ಧದಲ್ಲಿ ತಲೆಗೆ ಪೆಟ್ಟು ತಿಂದಾಗ ಚಿಕಿತ್ಸೆ ನೀಡಿದವರು ವುಲ್ಫ್. ಈ ಪರಿಚಯ ಬೆಳೆದು, ಕಮ್ಯುನಿಸ್ಟ್ ದೇಶಗಳಲ್ಲಿ ಕೈದಿಗಳ ಮನಸ್ಸು ಮುರಿಯುವ ವಿಧಾನಗಳ ಬಗ್ಗೆ ಲಾರೆನ್ಸ್ ಹಿಂಕಲ್ ಜತೆ ಅವರು ಸಿಐಎಗಾಗಿ ಅಧ್ಯಯನ ನಡೆಸಿದರು. 1955ರಲ್ಲಿ ಆರಂಭವಾದ ಮಾನವ ಪರಿಸರ ಸಂಶೋಧನಾ ಸಂಸ್ಥೆಗೆ ಅವರೇ ಅಧ್ಯಕ್ಷರು, ಹಣ ಮಾತ್ರ ಸಿಐಎಯದು. ನೋವು ಕಳೆಯಲು ದುಡಿದ ಕೈ ಅಲ್ಲಿಗೇಕೆ ಚಾಚಿತೆಂಬ ಪ್ರಶ್ನೆ ಅವರ ಅಭಿಮಾನಿಗಳನ್ನೂ ಕಾಡುತ್ತದೆ. ಇಂಥ ಗುಪ್ತ ಯೋಜನೆಗಳ ವಿವರ 1977ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಬಹಿರಂಗವಾದಾಗ ಉತ್ತರಿಸಲು ವುಲ್ಫ್ ಇರಲಿಲ್ಲ. 1962ರ ಫೆಬ್ರವರಿ 21ರಂದೇ, 63ನೇ ವಯಸ್ಸಿನಲ್ಲಿ ನಿಧನರಾಗಿದ್ದರು.

1948ರಲ್ಲಿ ಅವರು ಬರೆದ ತಲೆನೋವಿನ ಉದ್ಗ್ರಂಥವನ್ನು ಬೇರೆ ವೈದ್ಯರು ತಿದ್ದಿ ಬೆಳೆಸುತ್ತ ಬಂದರು. ಅದರ 8ನೇ ಆವೃತ್ತಿ 2008ರಲ್ಲಿ ಹೊರಬಂದಾಗಲೂ ಮುಖಪುಟದ ಮೇಲೆ ವುಲ್ಫ್ ಅವರ ಹೆಸರಿತ್ತು.