ಡಾಕ್ಟರ್ ಪ್ರಫುಲ್ಲಕುಮಾರ ಸೇನ್

ಗುಂಡಿಗೆ ಬದಲಿಸುವ ಶಸ್ತ್ರಚಿಕಿತ್ಸೆಯ ಮಾತು ಬಂದರೆ ಎಲ್ಲರಿಗೂ ನೆನಪಾಗುವುದು ಡಾ. ಬರ್ನಾರ್ಡರ ಹೆಸರು. 1967ನೆಯ ಇಸವಿ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಅವರು ಮೊದಲ ಬಾರಿಗೆ ಒಬ್ಬರ ಗುಂಡಿಗೆಯನ್ನು ಇನ್ನೊಬ್ಬರಿಗೆ ಜೋಡಿಸಿದರು. ಮೂರು ತಿಂಗಳು ತುಂಬುವ ಮೊದಲೇ ಮುಂಬಯಿಯಲ್ಲಿ ಅದೇ ಕಾರ್ಯಕ್ಕೆ ಕೈಹಾಕಿದ ಸೇನರ ಹೆಸರನ್ನು ಮಾತ್ರ ನಾನು ಈ ಕಾಲೇಜಿಗೆ ಸೇರುವವರೆಗೆ ಕೇಳಿರಲಿಲ್ಲ.

ಸೇನರು ಹುಟ್ಟಿದ್ದು 1915ರಲ್ಲಿ, ಕಲ್ಕತ್ತೆಯಲ್ಲಿ. ದುಡಿದದ್ದು ಮುಂಬಯಿಯ ನಗರಸಭೆ ನಡೆಸುವ ಕೆ.ಇ.ಎಂ. ಆಸ್ಪತ್ರೆಯಲ್ಲಿ. ಅವರ ಬುದ್ಧಿಯ ಓಟ ವಿಚಿತ್ರವಾದುದು. ಹಾವಿನ ಗುಂಡಿಗೆಯ ಮಾಂಸಕ್ಕೆ ಅದರ ಒಳಗಿನ ರಕ್ತವೇ ಸಣ್ಣ ಸಂದುಗಳಿಂದ ಹರಿದು ಪೋಷಣೆ ಕೊಡುತ್ತದೆ. ಹಾಗಾದರೆ ರಕ್ತನಾಳ ಕಟ್ಟಿಹೋದ ಮನುಷ್ಯನ ಗುಂಡಿಗೆಗೂ ಸೂಜಿಯಿಂದ ತೂತು ಮಾಡಿ ಒಳಗಿನ ರಕ್ತವನ್ನೇ ಏಕೆ ಉಣಿಸಬಾರದು? ಹೀಗೆ ಯೋಚಿಸಿ 1965ರ ಹೊತ್ತಿಗೇ ಅದನ್ನು ಪ್ರಯೋಗಕ್ಕೆ ತಂದವರು ಅವರು. ನಾಯಿಗಳ ಮೇಲೆ ಗುಂಡಿಗೆ ಜೋಡಿಸಿ ಕೈಯನ್ನೂ ಪಳಗಿಸಿಕೊಂಡಿದ್ದರು. (ಪ್ರಾಣಿದಯೆಯುಳ್ಳವರು ಇಲ್ಲಿ ನೊಂದುಕೊಂಡರೆ ನಾನು ತಪ್ಪೆನ್ನಲಾರೆ.)

1968ರ ಫೆಬ್ರುವರಿಯಲ್ಲಿ ಸೇನರು ಮಾಡಿದ್ದು ಭಾರತದಲ್ಲೇ ಮೊದಲನೆಯ ಹೃದಯ ಜೋಡಣೆ. ರೋಗಿ ಬದುಕಿದ್ದು ಸುಮಾರು ಮೂರು ಗಂಟೆ. ಅದೇ ವರ್ಷ ಮತ್ತೊಮ್ಮೆ ಯತ್ನಿಸಿದರು. ಆ ರೋಗಿಯೂ ಒಂದು ದಿನ ಪೂರ್ತಿ ಉಳಿಯಲಿಲ್ಲ. ಸೇನರು ಸೋತರೆಂದು ಹೇಳುವುದು ಸುಲಭ. ಆದರೆ ಬೇರೆಯವರ ಅಂಗವನ್ನು ದೇಹ ತಳ್ಳಿಹಾಕದಂತೆ ತಡೆಯುವ ಒಳ್ಳೆಯ ಔಷಧ ಆಗ ಇರಲಿಲ್ಲ. ಮೆದುಳು ಸತ್ತರೆ ಮನುಷ್ಯ ಸತ್ತಂತೆಯೇ ಎಂದು ಹೇಳುವ ಕಾನೂನೂ ನಮ್ಮಲ್ಲಿರಲಿಲ್ಲ.

ಈ ಎರಡನೆಯ ಕೊರತೆ ಎಂಥದೆಂದು ನಾನು ಬಲ್ಲೆ. ನಮ್ಮ ನೆಲಮಂಗಲದ ಬಳಿ ತುಮಕೂರು ರಸ್ತೆಯಲ್ಲಿ ತಲೆಗೆ ಪೆಟ್ಟುಬಿದ್ದು ಚಿಕ್ಕಪ್ಪ ಮಲಗಿದ್ದಾಗ, ಮೆದುಳು ಸತ್ತಿದೆಯೆಂದು ವೈದ್ಯರು ಹೇಳಿದರು. ಅಜ್ಜಿ ಮಗನ ಎದೆಯ ಮೇಲೆ ಕೈಯಿಟ್ಟು, ಬಡಿಯುತ್ತಿದೆಯಲ್ಲ ಎಂದು ಕೇಳಿದಳು. ಯಾರಲ್ಲೂ ಉತ್ತರವಿರಲಿಲ್ಲ. ಅಂಗದಾನದ ಕಾಗದಕ್ಕೆ ನಮ್ಮ ಮನೆಯವರು ಸಹಿ ಹಾಕಲಿಲ್ಲ. ಕಾನೂನು ಬಂದ ಮೇಲೂ ನಮ್ಮ ಸ್ಥಿತಿ ಇದು. ಅದಿಲ್ಲದ ಕಾಲದಲ್ಲಿ ಸೇನರು ಎಂಥ ಧೈರ್ಯದಿಂದ ಹೊರಟಿರಬೇಕು!

1969ರಲ್ಲಿ ಸರಕಾರ ಅವರಿಗೆ ಪದ್ಮಭೂಷಣ ನೀಡಿತು. ಮೆದುಳಿನ ಮರಣವನ್ನು ಒಪ್ಪುವ ಕಾನೂನು ಬಂದದ್ದು 1994ರಲ್ಲಿ. ಅದೇ ವರ್ಷ ಆಗಸ್ಟ್ 3ರಂದು ದೆಹಲಿಯಲ್ಲಿ ಡಾ. ವೇಣುಗೋಪಾಲರ ಕೈಯಲ್ಲಿ ಈ ಚಿಕಿತ್ಸೆ ಫಲಿಸಿತು. ಸೇನರು ತೀರಿಕೊಂಡು ಆಗಲೇ ಹನ್ನೆರಡು ವರ್ಷವಾಗಿತ್ತು.