ಭಾಸ್ಕರಾಚಾರ್ಯರು ನ್ಯೂಟನ್‌ಗಿಂತ ಮೊದಲೇ ಗುರುತ್ವ ನಿಯಮ ಕಂಡುಹಿಡಿದರೇ? ಫಾರ್ವರ್ಡ್ ಹೇಳದೆ ಬಿಟ್ಟ ಸಾಧನೆ ಯಾವುದು?

ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಆಗಾಗ ಸುತ್ತುವ ಒಂದು ಫಾರ್ವರ್ಡ್ ನಿಮಗೂ ಬಂದಿರಬಹುದು. ವಿಜಯಪುರದಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ನ್ಯೂಟನ್‌ಗಿಂತ 500 ವರ್ಷ ಮೊದಲೇ ಗುರುತ್ವಾಕರ್ಷಣ ನಿಯಮ ಕಂಡುಹಿಡಿದಿದ್ದರು, ಮಗಳು ಲೀಲಾವತಿಯ ಮದುವೆ ಮುಹೂರ್ತ ತಪ್ಪಿದ ದುಃಖದಲ್ಲಿ ಗಣಿತದ ಪುಸ್ತಕ ಬರೆದರು ಎಂಬುದು ಅದರ ಸಾರಾಂಶ.

ಇದರಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ಉತ್ಪ್ರೇಕ್ಷೆಯಿದೆ, ಸ್ವಲ್ಪ ಕಟ್ಟುಕಥೆಯಿದೆ. ಆದರೆ ಅವರ ನಿಜವಾದ ದೊಡ್ಡ ಕೆಲಸದ ಬಗ್ಗೆ ಒಂದು ಸಾಲೂ ಇಲ್ಲ. ಒಂದು ವಸ್ತು ಈಗ ಎಲ್ಲಿದೆ, ಯಾವ ದಿಕ್ಕಿಗೆ ಹೊರಟಿದೆ, ಇದೇ ಕ್ಷಣದಲ್ಲಿ ಎಷ್ಟು ವೇಗವಾಗಿ ಚಲಿಸುತ್ತಿದೆ? ನಿಮ್ಮ ಮೊಬೈಲ್‌ನ ಮ್ಯಾಪ್ ಇಂದು ಉತ್ತರಿಸುವ ಈ ಪ್ರಶ್ನೆಗಳನ್ನು ಅವರು 12ನೇ ಶತಮಾನದಲ್ಲಿ ಆಕಾಶಕಾಯಗಳ ಬಗ್ಗೆ ಕೇಳಿಕೊಂಡು, ಲೆಕ್ಕ ಹಾಕುವ ದಾರಿಯನ್ನೂ ತೋರಿಸಿದ್ದರು. ಅವರ ಬದುಕನ್ನು ಮೊದಲಿನಿಂದ ನೋಡೋಣ.

ಹುಟ್ಟಿದ್ದು ಎಲ್ಲಿ, ಯಾವಾಗ?

ಹುಟ್ಟಿದ ವರ್ಷದ ಬಗ್ಗೆ ಗೊಂದಲವಿಲ್ಲ. ಶಕವರ್ಷ 1036, ಅಂದರೆ ಕ್ರಿ.ಶ. 1114 ಎಂದು ಅವರೇ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಆಗ ನಮ್ಮ ಭಾಗವನ್ನು ಆಳುತ್ತಿದ್ದವನು ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯ. ಹುನಗುಂದ ತಾಲ್ಲೂಕಿನ ಕೂಡಲಸಂಗಮದ ಹೆಸರನ್ನು ನಾಡಿಗೆಲ್ಲ ಪರಿಚಯಿಸಿದ ಬಸವಣ್ಣನವರೂ ಇದೇ ಶತಮಾನದವರು.

ಊರಿನ ವಿಚಾರ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಸಹ್ಯಾದ್ರಿಯ ಸಮೀಪದ ವಿಜ್ಜಡವಿಡ ತಮ್ಮ ಊರು ಎಂದು ಅವರು ಬರೆದಿದ್ದಾರೆ. ಹೆಸರಿನ ಹೋಲಿಕೆಯಿಂದ ಅದು ಬಿಜಾಪುರ, ಇಂದಿನ ವಿಜಯಪುರ, ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಎಲ್ಲವೂ 1997ರವರೆಗೆ ಬಿಜಾಪುರ ಜಿಲ್ಲೆಯಲ್ಲೇ ಇದ್ದದ್ದರಿಂದ ನಮ್ಮವರಿಗೆ ಈ ಮಾತು ಇಷ್ಟವಾಗುವುದು ಸಹಜ. ಆದರೆ ವಿಜಯಪುರ ಸಹ್ಯಾದ್ರಿಯಿಂದ ಬಹಳ ದೂರವಿದೆ. ಇನ್ನೊಂದೆಡೆ, ಅವರ ಕುಟುಂಬದ ವಿವರವಿರುವ ಶಾಸನ ಸಿಕ್ಕಿದ್ದು ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಚಾಳೀಸಗಾಂವ್ ಬಳಿಯ ಪಾಟಣದಲ್ಲಿ. ಹಾಗಾಗಿ ಊರು ಆ ಭಾಗದಲ್ಲೇ ಇತ್ತು ಎಂಬುದು ಉಳಿದವರ ವಾದ. ವಿಜಯಪುರವೇ ಅವರ ಊರು ಎಂದು ಖಚಿತವಾಗಿ ಹೇಳುವ ಫಾರ್ವರ್ಡ್, ಚರ್ಚೆಯಲ್ಲಿರುವ ವಿಷಯವನ್ನು ತೀರ್ಪಿನಂತೆ ಹೇಳುತ್ತಿದೆ ಎಂದರ್ಥ.

ತಂದೆ ಮಹೇಶ್ವರ ಜ್ಯೋತಿಷ ಬಲ್ಲ ವಿದ್ವಾಂಸರು. ಅವರೇ ಮಗನಿಗೆ ಗುರು. ಕಲಿತದ್ದು ಬೇಗ ಫಲ ಕೊಟ್ಟಿತು. 1150ರಲ್ಲಿ, 36ನೇ ವಯಸ್ಸಿಗೆ, ಭಾಸ್ಕರಾಚಾರ್ಯರು ಸಿದ್ಧಾಂತ ಶಿರೋಮಣಿ ಎಂಬ ದೊಡ್ಡ ಗ್ರಂಥವನ್ನು ಮುಗಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ ಮತ್ತು ಗೋಲಾಧ್ಯಾಯ ಎಂಬ ನಾಲ್ಕನ್ನು ಅದರ ಭಾಗಗಳೆಂದು ಎಣಿಸುವುದು ವಾಡಿಕೆ.

ಲೀಲಾವತಿಯ ಮದುವೆ ಕಥೆ ಬಂದದ್ದು ಎಲ್ಲಿಂದ?

ನೀರಿನ ಗಡಿಯಾರದ ಬಟ್ಟಲಿಗೆ ಮದುಮಗಳ ಮುತ್ತು ಜಾರಿಬಿದ್ದು ರಂಧ್ರ ಮುಚ್ಚಿತು, ಮುಹೂರ್ತ ಮೀರಿತು, ಮಗಳನ್ನು ಸಮಾಧಾನಪಡಿಸಲು ತಂದೆ ಅವಳ ಹೆಸರಿನಲ್ಲಿ ಪುಸ್ತಕ ಬರೆದರು. ಕೇಳಲು ಚೆಂದದ ಕಥೆ. ಆದರೆ ಲೀಲಾವತಿ ಗ್ರಂಥದಲ್ಲಿ ಇದರ ಸುಳಿವೂ ಇಲ್ಲ. ಅಕ್ಬರನ ಆಸ್ಥಾನದ ಕವಿ ಫೈಜಿ 1587ರಲ್ಲಿ ಮಾಡಿದ ಪರ್ಷಿಯನ್ ಅನುವಾದದ ಮುನ್ನುಡಿಯಿಂದ ಇದು ಪ್ರಚಾರಕ್ಕೆ ಬಂತು. ಆ ವೇಳೆಗೆ ಮೂಲ ಗ್ರಂಥ ಬರೆದು 400 ವರ್ಷಕ್ಕೂ ಹೆಚ್ಚು ಕಾಲವಾಗಿತ್ತು. ಗ್ರಂಥದಲ್ಲಿ ಲೆಕ್ಕ ಕೇಳುವಾಗ ಕೆಲವೆಡೆ ಬಾಲೆಯನ್ನು ಉದ್ದೇಶಿಸಿದ್ದರೆ, ಇನ್ನು ಕೆಲವೆಡೆ ಗೆಳೆಯನನ್ನು, ವ್ಯಾಪಾರಿಯನ್ನು ಉದ್ದೇಶಿಸಲಾಗಿದೆ.

ನವಿಲು, ಹಾವು, ಎರಡು ಕೋತಿ

ಲೀಲಾವತಿ ಶತಮಾನಗಳ ಕಾಲ ಪಠ್ಯಪುಸ್ತಕವಾಗಿ ಬಳಕೆಯಲ್ಲಿದ್ದದ್ದು ಅದರ ಲೆಕ್ಕಗಳಿಂದ. ಎರಡನ್ನು ನೋಡಿ.

9 ಮೊಳ ಎತ್ತರದ ಕಂಬದ ಮೇಲೆ ನವಿಲು ಕೂತಿದೆ. ಕಂಬದ ಬುಡದಲ್ಲಿ ಹಾವಿನ ಬಿಲ. ಬುಡದಿಂದ 27 ಮೊಳ ದೂರದಲ್ಲಿರುವ ಹಾವು ಬಿಲದ ಕಡೆ ಹರಿದು ಬರುತ್ತಿದೆ. ಅದನ್ನು ಕಂಡ ನವಿಲು ಓರೆಯಾಗಿ ನೇರ ರೇಖೆಯಲ್ಲಿ ಎರಗುತ್ತದೆ. ಎರಡೂ ಸಮಾನ ದೂರ ಸಾಗಿದರೆ ಬಿಲದಿಂದ ಎಷ್ಟು ದೂರದಲ್ಲಿ ಎದುರಾಗುತ್ತವೆ? ಉತ್ತರ 12 ಮೊಳ. ಹಾವು ಹರಿದದ್ದು 15 ಮೊಳ. ನವಿಲು ಕೆಳಕ್ಕೆ 9, ಅಡ್ಡಕ್ಕೆ 12 ಮೊಳ ಸರಿದು, ಓರೆಯಲ್ಲಿ 15 ಮೊಳ ಹಾರಿತು.

ಪಠ್ಯದ ಭಾಷೆಯಲ್ಲಿ ಹೇಳುವುದಾದರೆ ಎರಡರ ಜವ ಒಂದೇ, ಆದರೆ ದಿಕ್ಕು ಬೇರೆಯಾದ್ದರಿಂದ ವೇಗ ಬೇರೆ. ಎಷ್ಟು ಎಂಬುದರ ಜೊತೆಗೆ ಯಾವ ದಿಕ್ಕಿಗೆ ಎಂಬುದನ್ನೂ ಹೇಳಬೇಕಾದ ಪರಿಮಾಣವೇ ಸದಿಶ, ಅಂದರೆ ವೆಕ್ಟರ್.

ಎರಡನೆಯ ಲೆಕ್ಕದಲ್ಲಿ 100 ಮೊಳದ ಮರದ ತುದಿಯಲ್ಲಿ ಎರಡು ಕೋತಿಗಳಿವೆ. ಮರದಿಂದ 200 ಮೊಳ ದೂರದಲ್ಲಿ ಬಾವಿ. ಒಂದು ಕೋತಿ ಮರ ಇಳಿದು ನಡೆದು ಬಾವಿ ಸೇರುತ್ತದೆ. ಇನ್ನೊಂದು ಸ್ವಲ್ಪ ಮೇಲಕ್ಕೆ ನೆಗೆದು, ಅಲ್ಲಿಂದ ಓರೆಯಾಗಿ ಬಾವಿಗೆ ಧುಮುಕುತ್ತದೆ. ಇಬ್ಬರೂ ಸಾಗಿದ ದೂರ ಸಮವಾಗಬೇಕಾದರೆ ನೆಗೆತ 50 ಮೊಳ ಇರಬೇಕು. ಒಟ್ಟು ದೂರ ತಲಾ 300 ಮೊಳ. ಆದರೆ ಹೊರಟ ಜಾಗದಿಂದ ಸೇರಿದ ಜಾಗಕ್ಕೆ ನೇರ ಅಂತರ ಸುಮಾರು 224 ಮೊಳ ಮಾತ್ರ. ಇದೇ ಸ್ಥಾನಪಲ್ಲಟ.

ಇದನ್ನೇ ನಮ್ಮೂರಿನ ನಕ್ಷೆಯಲ್ಲಿ ಮಾಡಿ ನೋಡಬಹುದು. ಮೊಬೈಲ್ ಮ್ಯಾಪ್‌ನಲ್ಲಿ ಒಂದು ಜಾಗವನ್ನು ಒತ್ತಿ ಹಿಡಿದರೆ ಎರಡು ಅಂಕಿಗಳು ಸಿಗುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಬಾಗಲಕೋಟೆ ಸುಮಾರು 16.18, 75.70. ಬಾದಾಮಿ ಸುಮಾರು 15.92, 75.68. ಇಳಕಲ್ಲ ಸುಮಾರು 15.96, 76.13. ಬಾದಾಮಿ ಹೆಚ್ಚುಕಡಿಮೆ ಬಾಗಲಕೋಟೆಯ ನೇರ ದಕ್ಷಿಣಕ್ಕಿದೆ, ಇಳಕಲ್ಲ ಬಾದಾಮಿಯ ನೇರ ಪೂರ್ವಕ್ಕಿದೆ ಎಂಬುದು ಈ ಅಂಕಿಗಳನ್ನು ನೋಡಿದರೇ ತಿಳಿಯುತ್ತದೆ. ಬಾಗಲಕೋಟೆಯಿಂದ ದಕ್ಷಿಣಕ್ಕೆ ಸುಮಾರು 29 ಕಿ.ಮೀ., ಅಲ್ಲಿಂದ ಪೂರ್ವಕ್ಕೆ ಸುಮಾರು 48 ಕಿ.ಮೀ. ಎರಡು ನೇರ ಗೆರೆ ಎಳೆದರೆ ಒಟ್ಟು 77 ಕಿ.ಮೀ. ಆದರೆ ಬಾಗಲಕೋಟೆಯಿಂದ ಇಳಕಲ್ಲಿಗೆ ನೇರ ಗೆರೆ ಎಳೆದರೆ 50 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ರಸ್ತೆಯ ದೂರ ಇವೆರಡಕ್ಕಿಂತ ಬೇರೆ. ಹುನಗುಂದವನ್ನೂ ಗುರುತಿಸಿ ಲೆಕ್ಕ ಮುಂದುವರಿಸುವ ಕೆಲಸ ಮನೆಯ ಮಕ್ಕಳಿಗೆ ಬಿಡಿ.

ಎರಡು ಊರುಗಳಿಂದ ಭೂಮಿಯ ಸುತ್ತಳತೆ

ಗೋಲಾಧ್ಯಾಯದಲ್ಲಿ ಭಾಸ್ಕರಾಚಾರ್ಯರು ದುಂಡಗಿನ ಭೂಮಿಯನ್ನು ಅಳೆಯುವ ಬಗೆಯನ್ನು ತ್ರೈರಾಶಿಯಿಂದ ವಿವರಿಸಿದರು. ಉತ್ತರ-ದಕ್ಷಿಣವಾಗಿರುವ ಎರಡು ಊರುಗಳ ಅಕ್ಷಾಂಶ ವ್ಯತ್ಯಾಸಕ್ಕೆ ಇಷ್ಟು ದೂರವಾದರೆ, ಇಡೀ ವೃತ್ತದ 360 ಅಂಶಕ್ಕೆ ಎಷ್ಟು?

ಬಾಗಲಕೋಟೆ-ಬಾದಾಮಿ ಜೋಡಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ವ್ಯತ್ಯಾಸ 0.26 ಅಂಶ, ನೇರ ದೂರ 29 ಕಿ.ಮೀ. ಲೆಕ್ಕ ಹಾಕಿದರೆ ಸುಮಾರು 40,150 ಕಿ.ಮೀ. ಬರುತ್ತದೆ. ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000 ಕಿ.ಮೀ.

ಆಗ ಉಪಗ್ರಹಗಳಿರಲಿಲ್ಲ. ಅಕ್ಷಾಂಶ ತಿಳಿಯಲು ಧ್ರುವ ನಕ್ಷತ್ರದ ಎತ್ತರ ನೋಡುತ್ತಿದ್ದರು. ಬಾಗಲಕೋಟೆಯಲ್ಲಿ ಅದು ಉತ್ತರ ದಿಗಂತದಿಂದ ಸುಮಾರು 16 ಅಂಶ ಮೇಲಿರುತ್ತದೆ. ಕೈ ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಳತೆಯಲ್ಲಿ ಸುಮಾರು ಒಂದೂವರೆ ಮುಷ್ಟಿ.

ಈ ಕ್ಷಣದ ವೇಗ: ತಾತ್ಕಾಲಿಕ ಗತಿ

ಈಗ ಫಾರ್ವರ್ಡ್ ಬಿಟ್ಟುಹೋದ ವಿಷಯಕ್ಕೆ ಬರೋಣ. ಬಾದಾಮಿ ಬಸ್ಸು 40 ಕಿ.ಮೀ. ದಾರಿಯನ್ನು ಒಂದು ಗಂಟೆಯಲ್ಲಿ ಮುಗಿಸಿತು ಎಂದುಕೊಳ್ಳಿ. ಸರಾಸರಿ ಗಂಟೆಗೆ 40 ಕಿ.ಮೀ. ಆದರೆ ಹಂಪ್ ಬಳಿ ಅದು 10ಕ್ಕೆ ಇಳಿದಿತ್ತು, ಖಾಲಿ ರಸ್ತೆಯಲ್ಲಿ 60 ಮುಟ್ಟಿತ್ತು, ನಿಲ್ದಾಣದಲ್ಲಿ ಸೊನ್ನೆಯಾಗಿತ್ತು. ಸ್ಪೀಡೋಮೀಟರ್ ತೋರಿಸುವುದು ಸರಾಸರಿಯನ್ನಲ್ಲ, ಆ ಕ್ಷಣದ ವೇಗವನ್ನು.

ಚಂದ್ರನ ಸಮಸ್ಯೆಯೂ ಇದೇ. ನಕ್ಷತ್ರಗಳ ನಡುವೆ ಅವನು ಕೆಲವು ದಿನ 12 ಅಂಶದಷ್ಟು, ಕೆಲವು ದಿನ 15 ಅಂಶದಷ್ಟು ಸರಿಯುತ್ತಾನೆ. ಅವನ ವೇಗ ಪ್ರತಿ ಕ್ಷಣ ಬದಲಾಗುತ್ತದೆ. ಸೂರ್ಯನಿಂದ ಚಂದ್ರ ಪ್ರತಿ 12 ಅಂಶ ದೂರ ಸರಿದಾಗ ಒಂದು ತಿಥಿ ಮುಗಿಯುತ್ತದೆ. ಬಾದಾಮಿಯ ಬನಶಂಕರಿ ತೇರು ಎಳೆಯುವ ಬನದ ಹುಣ್ಣಿಮೆ ಯಾವ ಗಳಿಗೆಗೆ ಮುಗಿಯುತ್ತದೆ ಎಂದು ಹೇಳಬೇಕಾದರೂ ಚಂದ್ರನ ವೇಗ ಸರಿಯಾಗಿ ಗೊತ್ತಿರಬೇಕು.

ಇಂದಿನ ಸ್ಥಾನದಿಂದ ನಿನ್ನೆಯ ಸ್ಥಾನ ಕಳೆದು ಬರುವ ವೇಗವನ್ನು ಭಾಸ್ಕರಾಚಾರ್ಯರು ಸ್ಥೂಲ ಗತಿ ಎಂದು ಕರೆದರು. ಅದರ ಪಕ್ಕದಲ್ಲಿ ಸೂಕ್ಷ್ಮವಾದ ತಾತ್ಕಾಲಿಕ ಗತಿಯನ್ನು ಇಟ್ಟರು. ತಿಥಿಯ ಅಂತ್ಯ ಹತ್ತಿರವಿದ್ದಾಗ ಚಂದ್ರನಿಗೆ ಇದನ್ನೇ ಬಳಸಬೇಕು ಎಂದರು. ಕೋನ ತುಸು ಬದಲಾದಾಗ ಅದರ ಜ್ಯಾ, ಅಂದರೆ ಸೈನ್, ಬದಲಾಗುವ ಪ್ರಮಾಣವು ಕೋಟಿಜ್ಯಾ, ಅಂದರೆ ಕೊಸೈನ್, ಅನ್ನು ಅನುಸರಿಸುತ್ತದೆ ಎಂಬುದು ಅವರ ಲೆಕ್ಕದ ತಿರುಳು. ಪಿಯುಸಿ ಮಕ್ಕಳು ಇಂದು ಕಲಿಯುವ ಅವಕಲನದ ಒಂದು ಸೂತ್ರವೂ ಇದೇ.

ದಿಕ್ಕನ್ನೂ ಅವರ ಲೆಕ್ಕ ಬಿಡುವುದಿಲ್ಲ. ಮಂಗಳದಂಥ ಗ್ರಹ ಕೆಲವೊಮ್ಮೆ ನಿಂತಂತೆ ಕಂಡು ಹಿಂದಕ್ಕೆ ಸರಿಯುತ್ತದೆ. ಗತಿ ಸೊನ್ನೆ ದಾಟಿ ಋಣವಾದರೆ ಗ್ರಹ ವಕ್ರಿಯಾಗಿದೆ ಎಂದರ್ಥ.

ಇಲ್ಲಿಯೂ ಉತ್ಪ್ರೇಕ್ಷೆ ಬೇಡ. ಈ ಸೂತ್ರದ ಒಂದು ರೂಪ 10ನೇ ಶತಮಾನದ ಮುಂಜಾಲರಲ್ಲೇ ಇತ್ತು. ಭಾಸ್ಕರಾಚಾರ್ಯರು ಅದನ್ನು ವಿವರಿಸಿ ಬೆಳೆಸಿದರು. ಪೂರ್ಣ ಕಲನಶಾಸ್ತ್ರವನ್ನು ಅವರು ಕಟ್ಟಲಿಲ್ಲ. ವೆಕ್ಟರ್ ಎಂಬ ಕಲ್ಪನೆ ಗಣಿತದಲ್ಲಿ ನೆಲೆಗೊಂಡದ್ದು 19ನೇ ಶತಮಾನದಲ್ಲಿ.

ಹಾಗಾದರೆ ಗುರುತ್ವಾಕರ್ಷಣೆ?

ಭೂಮಿಗೆ ಆಕರ್ಷಣ ಶಕ್ತಿಯಿದೆ, ಭಾರವಾದ ವಸ್ತುಗಳನ್ನು ಅದು ತನ್ನೆಡೆಗೆ ಸೆಳೆಯುತ್ತದೆ, ಅದು ನಮಗೆ ಬೀಳುವಂತೆ ಕಾಣುತ್ತದೆ ಎಂದು ಗೋಲಾಧ್ಯಾಯದಲ್ಲಿ ಇರುವುದು ನಿಜ. ಸುತ್ತಲೂ ಆಕಾಶ ಸಮವಾಗಿರುವಾಗ ಭೂಮಿ ತಾನೇ ಎಲ್ಲಿಗೆ ಬೀಳಬೇಕು ಎಂಬ ಜಾಣ ಪ್ರಶ್ನೆಯನ್ನೂ ಅವರು ಎತ್ತಿದ್ದರು.

ಆದರೆ ಸೆಳೆತ ಎಷ್ಟು, ದ್ರವ್ಯರಾಶಿಗೂ ದೂರಕ್ಕೂ ಅದರ ಸಂಬಂಧವೇನು ಎಂಬ ಸೂತ್ರ ಅಲ್ಲಿಲ್ಲ. ಅದು ಬಂದದ್ದು ನ್ಯೂಟನ್‌ರ 1687ರ ಗ್ರಂಥದಲ್ಲಿ. ಮರದಿಂದ ಬೀಳುವ ಹಣ್ಣನ್ನೂ ಸುತ್ತುವ ಚಂದ್ರನನ್ನೂ ಒಂದೇ ನಿಯಮಕ್ಕೆ ಕಟ್ಟಿದ್ದು ನ್ಯೂಟನ್. ಭಾಸ್ಕರಾಚಾರ್ಯರ ಲೆಕ್ಕದಲ್ಲಿ ಭೂಮಿ ಕದಲದೆ ನಿಂತಿದೆ, ಗ್ರಹಗಳು ಅದನ್ನು ಸುತ್ತುತ್ತವೆ.

ಕೊನೆಯ ವರ್ಷಗಳು

1183ರಲ್ಲಿ, 69ನೇ ವಯಸ್ಸಿನಲ್ಲಿ, ಅವರು ಪಂಚಾಂಗ ಮಾಡುವವರಿಗೆ ಸುಲಭವಾಗುವಂತೆ ಕರಣಕುತೂಹಲ ಬರೆದರು. ಮಗ ಲಕ್ಷ್ಮೀಧರ ಯಾದವ ದೊರೆಯ ಆಸ್ಥಾನ ಸೇರಿದರು. ಮೊಮ್ಮಗ ಚಾಂಗದೇವ ಯಾದವ ಸಿಂಘಣನ ಜ್ಯೋತಿಷಿಯಾಗಿದ್ದರು. ಅಜ್ಜನ ಗ್ರಂಥಗಳನ್ನು ಪಾಠ ಹೇಳುವುದಕ್ಕೆಂದೇ ಚಾಂಗದೇವ ಪಾಟಣದಲ್ಲಿ ಮಠ ಕಟ್ಟಿಸಿದರು. 1207ರ ಪಾಟಣ ಶಾಸನ ಆ ಮಠಕ್ಕೆ ಸಂದ ದಾನವನ್ನು ದಾಖಲಿಸಿದೆ. ಹೀಗೆ ಮನೆಯವರು ಅವರ ನೆನಪಿಗೆ ಆರಿಸಿಕೊಂಡದ್ದು ಪಾಠಶಾಲೆಯನ್ನು.

ಫಾರ್ವರ್ಡ್ ಮಾಡುವ ಮುನ್ನ ನೆನಪಿಡಿ

• ವಿಜಯಪುರದಲ್ಲಿ ಹುಟ್ಟಿದರು: ಖಚಿತವಿಲ್ಲ, ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

• ಲೀಲಾವತಿಯ ಮುತ್ತಿನ ಕಥೆ: ಮೂಲ ಗ್ರಂಥದಲ್ಲಿಲ್ಲ, 1587ರ ಅನುವಾದದಿಂದ ಬಂದದ್ದು.

• ಗುರುತ್ವ ನಿಯಮ ಕಂಡುಹಿಡಿದರು: ಭೂಮಿಯ ಸೆಳೆತದ ವಿಚಾರ ಹೇಳಿದ್ದು ನಿಜ, ನಿಯಮ ಕೊಡಲಿಲ್ಲ.

• ಕ್ಷಣದ ವೇಗವನ್ನು ಲೆಕ್ಕಕ್ಕೆ ತಂದರು: ನಿಜ.

ತಪ್ಪು ಹೊಗಳಿಕೆಯಿಂದ ಭಾಸ್ಕರಾಚಾರ್ಯರಿಗೆ ಲಾಭವಿಲ್ಲ. ಅದನ್ನೇ ನಂಬಿದ ಹುಡುಗ ಮುಂದೆ ಕಾಲೇಜಿನಲ್ಲಿ ಅದು ಸುಳ್ಳೆಂದು ತಿಳಿದಾಗ, ನಿಜವಾದ ಸಾಧನೆಯನ್ನೂ ಸುಳ್ಳೆಂದು ತಳ್ಳಿಹಾಕುವ ಅಪಾಯವಿದೆ. ಮುಂದಿನ ಸಲ ಈ ಫಾರ್ವರ್ಡ್ ಬಂದರೆ, ಅದರ ಬದಲು ನವಿಲು-ಹಾವಿನ ಲೆಕ್ಕವನ್ನು ಗ್ರೂಪ್‌ಗೆ ಹಾಕಿ. ಯಾರು ಮೊದಲು 12 ಎನ್ನುತ್ತಾರೆ ನೋಡೋಣ.